ಕಳೆದ ಎರಡು ವಾರಗಳಲ್ಲಿ

ಫೋನು ಬಂದಾಗ ನಾನು ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು ಇನ್ನೊಂದು ಸಂಸ್ಥೆಯ ಇನ್ನೊಂದು ಫಾರ್ಮು ತುಂಬುತ್ತಿದ್ದೆ. ಪರಿಚಯವಿಲ್ಲದ ನಂಬರು. ಹೆಂಗಸೊಬ್ಬರ ದನಿ ಮರಾಠಿಯಲ್ಲಿ ಹೇಳಿತು: "ಕಾನಡಿ ಕಾಕಾ ಗೇಲೆ." ಕನ್ನಡದ ಕಾಕಾ ಹೋದರು. ಹೋಗಿ ಮೂರು ದಿನವಾಗಿತ್ತು, ಸಂಸ್ಕಾರವೂ ಮುಗಿದಿತ್ತು. ಕಟ್ಟಡದವರೇ ಸೇರಿ ಮಾಡಿದರಂತೆ. ರೂಮು ಖಾಲಿ ಮಾಡುವಾಗ ಗೋಡೆಗೆ ಅಂಟಿಸಿದ್ದ ಚೀಟಿಯಲ್ಲಿ ನನ್ನ ನಂಬರು ಸಿಕ್ಕಿತ್ತು.

"ತುಮ್ಹೀ ತ್ಯಾಂಚ್ಯಾ ಕೋಣ?" ಎಂದು ಆಕೆ ಕೇಳಿದರು. ನೀವು ಅವರಿಗೆ ಏನಾಗಬೇಕು?

ನಾನು "ಸರ್ವೇ ಮಾಡಲು ಬರುತ್ತಿದ್ದವಳು" ಎಂದೆ. ಅದಕ್ಕಿಂತ ಹೆಚ್ಚು ಹೇಳಿಕೊಳ್ಳಲು ನನಗೆ ಹಕ್ಕಿರಲಿಲ್ಲ. ಬರೀ ಅಷ್ಟೇ ಅನ್ನುವುದೂ ಪೂರ್ತಿ ನಿಜವಾಗಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕೆಲಸದಲ್ಲಿ ಹೆಸರು ಬರೆಯುವ ಹಾಗಿಲ್ಲ. ಒಬ್ಬೊಬ್ಬರಿಗೆ ಒಂದು ಅಕ್ಷರ, ಒಂದು ಅಂಕಿ. ಅವರು ಹ-ನಲವತ್ತೊಂದು. 'ಹ' ಅಂದರೆ ಹಡಪಸರ, ಅವರಿದ್ದ ಪುಣೆಯ ಬಡಾವಣೆ.

ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆ ಆಗ ಊರಿನ ಇನ್ನೊಂದು ಕಡೆಯ ಖಡಕಿಯ ಓಣಿಗಳಲ್ಲಿ ಎರಡು ವರ್ಷದಿಂದ ಸೇವೆ ನಡೆಸುತ್ತಿತ್ತು. ಅದೇ ಓಣಿಯ ಹೆಂಗಸರಿಗೆ ತರಬೇತಿ ಕೊಟ್ಟು, ಮನೆಮನೆಗೆ ಕಳಿಸಿ, ಮಾತಾಡಿಸಿ, ಬೇಕಾದವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು. ಇದರಿಂದ ನಿಜವಾಗಿ ಯಾರಿಗಾದರೂ ಒಳ್ಳೆಯದಾಗಿದೆಯೇ ಎಂದು ದೇಣಿಗೆ ಕೊಡುವವರು ತಿಳಿಯಬಯಸಿದರು. ಹಾಗಾಗಿ ಮೌಲ್ಯಮಾಪನ. ಸೇವೆ ಸಿಗುತ್ತಿರುವ ಖಡಕಿಯಲ್ಲೂ, ಇನ್ನೂ ಸಿಗದ ಹಡಪಸರದಲ್ಲೂ ಅದೇ ಹನ್ನೊಂದು ಪ್ರಶ್ನೆಗಳನ್ನು ವರ್ಷದಲ್ಲಿ ಮೂರು ಸಲ ಕೇಳಿ, ಎರಡರ ನಡುವಿನ ವ್ಯತ್ಯಾಸ ನೋಡುವುದು. ವ್ಯತ್ಯಾಸ ಚೆನ್ನಾಗಿ ಕಂಡರೆ ಮುಂದಿನ ವರ್ಷ ಹಡಪಸರಕ್ಕೂ ಸೇವೆ ಬರುತ್ತದೆ. ನನಗೆ ಕನ್ನಡ, ಮರಾಠಿ ಎರಡೂ ಬರುತ್ತಿದ್ದರಿಂದ ಕೆಲಸ ಸಿಕ್ಕಿತು. ನಾನು ಗದಗಿನವಳು. ಗಂಡನ ನೌಕರಿಯ ಹಿಂದೆ ಪುಣೆಗೆ ಬಂದು, ಅವರಿಗೆ ನಾಗಪುರಕ್ಕೆ ವರ್ಗವಾದ ಮೇಲೂ ಇಲ್ಲೇ ಉಳಿದವಳು. ಯಾಕೆ ಉಳಿದೆ ಎನ್ನುವುದು ಬೇರೆ ಮಾತು.

ತರಬೇತಿಯಲ್ಲಿ ಸಂಸ್ಥೆ ನಡೆಸುವ ಮೇಡಂ ಒಂದು ನಿಯಮವನ್ನು ನಾಲ್ಕು ಸಲ ಹೇಳಿದ್ದರು. ಹಡಪಸರದಲ್ಲಿ ನೀವು ಕೇಳಬೇಕು, ಬರೆದುಕೊಳ್ಳಬೇಕು, ಎದ್ದು ಬರಬೇಕು. ಸಮಾಧಾನ ಹೇಳಬಾರದು, ಸಲಹೆ ಕೊಡಬಾರದು. ನೀವು ಸಮಾಧಾನ ಹೇಳಿದರೆ ಅದೇ ಒಂದು ಸೇವೆಯಾಗುತ್ತದೆ, ಲೆಕ್ಕ ಕೆಡುತ್ತದೆ. ಯಾರಾದರೂ ಬದುಕು ಬೇಡ ಅನ್ನುವ ಮಾತಾಡಿದರೆ ಮಾತ್ರ ಆವತ್ತೇ ತಿಳಿಸಿ, ಡಾಕ್ಟರ ವ್ಯವಸ್ಥೆ ಮಾಡುತ್ತೇವೆ.

ಅವರ ರೂಮು ಗಾಡಿತಳದ ಬಸ್ ನಿಲ್ದಾಣದಿಂದ ಒಳಗೆ, ಹಳೆಯ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿತ್ತು. ಬಾಗಿಲು ತೆಗೆದವರು ನನ್ನ ಗುರುತಿನ ಚೀಟಿಯನ್ನು ಇಸಕೊಂಡು, ಹೆಬ್ಬೆರಳು-ತೋರುಬೆರಳಿನ ನಡುವೆ ಹಿಡಿದು ಬೆಳಕಿಗೆ ಎತ್ತಿ ನೋಡಿ, ಅಂಚಿನ ಮೇಲೆ ಹೆಬ್ಬೆರಳು ಸವರಿ ವಾಪಸು ಕೊಟ್ಟರು. ಆಮೇಲೆ ತಿಳಿಯಿತು, ಎಲ್ಲವನ್ನೂ ಅವರು ಹೀಗೇ ಮಾಡುತ್ತಿದ್ದರು. ಚಹದ ಬಸಿ, ಬಿಸ್ಕೀಟು, ಪೋಸ್ಟಿನಲ್ಲಿ ಬಂದ ಕಾಗದ, ಎಲ್ಲ. ಚಾಕಣದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಮಾಲು ತಪಾಸಣೆ ಮಾಡಿದ ಕೈ ಅದು. ಆಮೇಲೆ ಆ ಕೆಲಸಕ್ಕೆ ಕ್ಯಾಮೆರಾ ಬಂತು. ಇವರನ್ನು ಮೊದಲು ಉಗ್ರಾಣಕ್ಕೆ ಹಾಕಿ, ಆಮೇಲೆ ಮನೆಗೆ ಕಳಿಸಿದರು.

"ಕ್ಯಾಮೆರಾ ಛೊಲೋ ಕೆಲಸ ಮಾಡ್ತದ್ರಿ," ಎಂದು ಅವರೇ ಹೇಳಿದರು. "ನನಗ ಸಿಗದ ಗೆರಿ ಅದಕ ಸಿಗ್ತದ. ಅದಕ್ಕ ನನ್ನ ತಕರಾರಿಲ್ಲ. ಆದ್ರ ಮುಂಜಾನಿ ಆರಕ್ಕ ಕಂಪನಿ ಬಸ್ಸಿನ ಹಾರ್ನು ಇನ್ನೂ ಕೇಳಿಸ್ತದ. ಏಳ್ತೀನಿ. ಎದ್ದು ಎಲ್ಲಿಗೆ ಹೋಗ್ಲಿ?"

ಮದುವೆಯಾಗಿರಲಿಲ್ಲ. ಜಮಖಂಡಿಯಲ್ಲಿದ್ದ ಅಕ್ಕ ತೀರಿಕೊಂಡ ಮೇಲೆ ಊರಿನ ದಾರಿಯೂ ಮುಗಿದಿತ್ತು. ವಯಸ್ಸು ಐವತ್ತಾರು. ಸಾಧು ಮನುಷ್ಯರೇನಲ್ಲ. ನಲ್ಲಿಯ ನೀರಿಗೆ ಇಡೀ ಕಟ್ಟಡದ ಜೊತೆ ಜಗಳಾಡುತ್ತಿದ್ದರು. ತರಕಾರಿಯವನು ಅವರನ್ನು ಕಂಡರೆ ಗಾಡಿ ತಿರುಗಿಸುತ್ತಿದ್ದ, ಏಕೆಂದರೆ ಇವರು ಒಂದೊಂದೇ ಬೆಂಡಿಕಾಯಿಯನ್ನು ಬೆಳಕಿಗೆ ಹಿಡಿಯುತ್ತಿದ್ದರು. ಯಾರಾದರೂ "ಪಾಪ" ಎಂದರೆ ಉರಿದುಬೀಳುತ್ತಿದ್ದರು.

ನಮ್ಮ ಪ್ರಶ್ನಾವಳಿ ಮೊದಲ ದಿನವೇ ಅವರ ಕೈಗೆ ಸಿಕ್ಕಿಬಿತ್ತು. ಇಂಗ್ಲಿಷಿನಿಂದ ಯಾರೋ ಕನ್ನಡಕ್ಕೆ ತಂದಿದ್ದರು. ಎಲ್ಲ ಪ್ರಶ್ನೆಯೂ "ಕಳೆದ ಎರಡು ವಾರಗಳಲ್ಲಿ" ಎಂದೇ ಶುರು. ನಾನು ಓದಿದೆ: "ಕಳೆದ ಎರಡು ವಾರಗಳಲ್ಲಿ ತಮ್ಮ ಅಸ್ತಿತ್ವದ ನಿರರ್ಥಕತೆಯ ಭಾವವು ತಮ್ಮನ್ನು ಎಷ್ಟು ದಿನ ಬಾಧಿಸಿದೆ?"

"ಇದು ಯಾರ ಕನ್ನಡರೀ?"

"ಹಂಗೇ ಓದಬೇಕ್ರಿ. ನಿಯಮ ಅದ."

"ನಾ ಯಾಕ ಇದ್ದೀನಿ ಅಂತ ಅನಸ್ತದೇನು, ಅಂತ ಕೇಳೂದೇನು ಇದು?"

"ಹೌದ್ರಿ."

ಅವರು ಕಿಟಕಿಯ ಕಡೆ ನೋಡಿದರು. "ಹಂಗಾದ್ರ ದಿನಾ ಅಂತ ಬರೀರಿ."

ಕೊನೆಯ ಪ್ರಶ್ನೆ ಸತ್ತರೆ ಚೆನ್ನಾಗಿತ್ತು ಅನಿಸುವುದರ ಬಗ್ಗೆ. ಅವರು "ಕೆಲವೊಂದು ದಿನ" ಎಂದರು. ನಾನು ನಿಯಮದಂತೆ ಸಹಾಯವಾಣಿಯ ಚೀಟಿ ಕೊಟ್ಟೆ. ಅದರ ಕೆಳಗೆ ನನ್ನ ನಂಬರೂ ಇತ್ತು. ಆವತ್ತೇ ಮೇಡಂಗೆ ತಿಳಿಸಿದೆ. ಅವರು ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಗೊತ್ತು ಮಾಡಿಕೊಟ್ಟರು. ಇವರು ಎರಡು ಸಲ ಹೋಗಿಬಂದು, ಸರದಿಯಲ್ಲಿ ಕೂತು ಕೂತು ಬೇಸತ್ತು ಬಿಟ್ಟರೆಂದು ಆಮೇಲೆ ತಿಳಿಯಿತು.

ನಾನು ಹೊರಡುವಾಗ ಪ್ರಶ್ನೆಗಳ ಒಂದು ಪ್ರತಿಯನ್ನು ಇಸಕೊಂಡು, "ಇನ್ನ ಯಾವಾಗ ಬರ್ತೀರಿ?" ಎಂದು ಕೇಳಿದರು.

"ಆರು ತಿಂಗಳಿಗೆ."

ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಮುಂದೆ ಮುಂದೆ ಮಗುಚಿ, ಆರನೆಯ ಹಾಳೆಯಲ್ಲಿ ಒಂದು ಗುರುತು ಹಾಕಿಕೊಂಡರು. ನಾನು ಮೆಟ್ಟಿಲಿಳಿದೆ. ಸಮಾಧಾನದ ಒಂದು ಮಾತೂ ಆಡಿರಲಿಲ್ಲ. ನಿಯಮ ಚೆನ್ನಾಗಿ ಪಾಲಿಸಿದ್ದೆ.

ಆರು ತಿಂಗಳ ಮೇಲೆ ಹೋದರೆ ರೂಮಿನಲ್ಲಿ ಎರಡು ಕುರ್ಚಿಗಳಿದ್ದವು. ಒಂದು ನನಗಾಗಿ ಎರಡನೇ ಮಾಳಿಗೆಯಿಂದ ಕೇಳಿ ತಂದದ್ದು. ಅವರು ಕ್ಷೌರ ಮಾಡಿಸಿಕೊಂಡಿದ್ದರು. ನಾನು ಪೆನ್ನು ತೆಗೆಯುವ ಮುಂಚೆಯೇ ಒಂದು ಇನ್ನೂರು ಪುಟದ ವಹಿಯನ್ನು ಮುಂದೆ ಇಟ್ಟರು.

"ಎರಡು ವಾರದ್ದು ಒಮ್ಮೆಲೆ ಕೇಳಿದ್ರ ಯಾರಿಗೆ ನೆನಪಿರ್ತದ್ರಿ? ಅಂದಾಜಿನ ರೀಡಿಂಗು ರೀಡಿಂಗಲ್ಲ. ಅದಕ್ಕ ನಾ ದಿನಾ ಬರದೀನಿ."

ತೆಗೆದು ನೋಡಿದೆ. ದಿನಕ್ಕೊಂದು ಸಾಲು, ಸಾಲಿಗೆ ಹನ್ನೊಂದು ಮನೆ. ಸೊನ್ನೆಯಿಂದ ಮೂರರವರೆಗಿನ ನಮ್ಮದೇ ಅಂಕಗಳು, ಮೂರು ಅಂದರೆ ತೀರ ಕಷ್ಟ, ಸೊನ್ನೆ ಅಂದರೆ ಏನೂ ಇಲ್ಲ. ಒಂದು ದಿನವೂ ತಪ್ಪಿರಲಿಲ್ಲ. ಮೊದಲ ಪುಟಗಳಲ್ಲಿ ಮೂರು, ಮೂರು, ಎರಡು. ನಾಲ್ಕನೆಯ ತಿಂಗಳಿನಿಂದ ಎರಡು, ಒಂದು, ಒಂದು. ಕೊನೆಯ ಮನೆಯಲ್ಲಿ ಸೊನ್ನೆ ಶುರುವಾಗಿತ್ತು.

ಕೇಳಬಾರದಿತ್ತು, ಕೇಳಿದೆ. "ಹೆಂಗಾತ್ರಿ ಇದು?"

"ಸಂಜಿ ಏಳಕ್ಕ ಕೂಡ್ತೀನ್ರಿ. ಒಂದೊಂದ ಪ್ರಶ್ನಿ ಜೋರಾಗಿ ಓದ್ತೀನಿ, ನೀವು ಓದಿಧಂಗ. ಆ ಸುಡುಗಾಡು ಕನ್ನಡದಾಗ. ಮೊದಮೊದಲು ನಗು ಬರ್ತಿತ್ತು. ಆಮೇಲೆ..." ಅವರು ವಹಿಯ ಅಂಚಿನ ಮೇಲೆ ಹೆಬ್ಬೆರಳು ಸವರಿದರು. "ಯಾರೋ ಕೇಳಾಕ ಬರ್ತಾರ ಅಂದ್ರ ಮನಷ್ಯಾ ಉತ್ತರ ತಯಾರ ಮಾಡ್ಕೋತಾನ್ರಿ. ಸುಳ್ಳ ಹೇಳಬಾರ್ದು ಅಂದ್ರ ಸ್ವಲ್ಪ ಅಡ್ಡಾಡಬೇಕು, ಬಿಸಿ ಅನ್ನ ಉಣಬೇಕು. ಅಷ್ಟ."

ನನ್ನ ಮುಖ ನೋಡಿ ಅವರಿಗೆ ಅನುಮಾನ ಬಂತು. "ಯಾಕ್ರಿ, ತಪ್ಪ ಮಾಡಿದ್ನೇನು?"

"ತಪ್ಪೇನಿಲ್ರಿ. ಆದ್ರ ನೀವು ಸೇವೆ ಸಿಗದವರ ಪೈಕಿ. ನಿಮಗ ಏನೂ ಫರಕ ಆಗಬಾರದು."

ಅವರು ನಕ್ಕರು. ನಾನು ಅವರ ನಗು ಕಂಡದ್ದು ಅದೇ ಮೊದಲು. "ಅಳತಿ ಗೇಜು ಹಚ್ಚಿದಲ್ಲೆ ಮಾಲಿನ ಮ್ಯಾಲ ಒಂದು ಸಣ್ಣ ಗೆರಿ ಬಿದ್ದ ಬೀಳ್ತದ್ರಿ. ಮುಟ್ಟಲಾರದ ಅಳೆಯೂದು ಕ್ಯಾಮೆರಾಕ್ಕ ಅಷ್ಟ ಬರ್ತದ."

ಆವತ್ತು ಅವರು ಕುರ್ಚಿ ವಾಪಸು ಕೊಡಲು ನನ್ನ ಜೊತೆಗೇ ಎರಡನೇ ಮಾಳಿಗೆಗೆ ಇಳಿದರು. ಆ ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ಹೊರಗಿನ ಖೋಲಿಯಲ್ಲಿ ತಾಯಿ ಹೊಲಿಗೆ ಮಾಡುತ್ತಿದ್ದರು. ಒಳಗಿನ ಖೋಲಿಯ ಬಾಗಿಲು ಮುಚ್ಚಿತ್ತು. ಮಗಳಿಗೆ ಮೂವತ್ತು ದಾಟಿದೆ, ಆ ಬಾಗಿಲು ದಾಟಿ ಹೊರಗೆ ಬರದೆ ನಾಲ್ಕು ವರ್ಷವಾಯಿತು, ತಾಯಿಯ ಹೊರತು ಯಾರ ಜೊತೆಗೂ ಮಾತಿಲ್ಲ ಎಂದು ಅವರು ಮೆಟ್ಟಿಲ ಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. "ನಿಮ್ಮ ಸೇವಾ ಬಂದ್ರ ಮೊದಲ ಈ ಮನಿಗೆ ಬರ್ಲಿ. ನಂದೇನು, ನಡೀತದ."

ಮೂರನೆಯ ಭೇಟಿ ನನಗೆ ನೆನಪಿಸಿಕೊಳ್ಳಲು ಇಷ್ಟವಿಲ್ಲದ್ದು. ಹೋದಕೂಡಲೇ ಹೇಳಿಬಿಟ್ಟೆ, ಇದು ಕೊನೆಯ ಸಲ ಎಂದು. ಹಾಗೆ ಮೊದಲೇ ಹೇಳಬೇಕೆಂದು ಸೂಚನೆಯಿತ್ತು. ಅವರು "ಹೌದೇನ್ರಿ" ಎಂದು, ಚಹ ಮಾಡಲು ಎದ್ದವರು ಹಾಗೇ ಕೂತುಬಿಟ್ಟರು. ನಾನು ಪ್ರಶ್ನೆ ಓದತೊಡಗಿದೆ. ಮೊದಲನೆಯದಕ್ಕೆ "ಮೂರು" ಎಂದರು. ಎರಡನೆಯದಕ್ಕೂ ಮೂರು. ಮೂರನೆಯದಕ್ಕೂ.

ನನಗೆ ಸಿಟ್ಟು ಬಂತು. ಹಟಕ್ಕೆ ಹೀಗೆ ಹೇಳುತ್ತಿದ್ದಾರೆ ಅನಿಸಿತು. "ನಿನ್ನೆವರೆಗಿನ ವಹಿ ಎಲ್ಲಿ ಅದರೀ?"

ವಹಿ ಕೊಟ್ಟರು. ಹಿಂದಿನ ಹದಿನಾಲ್ಕು ಸಾಲುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಸೊನ್ನೆ, ಅಲ್ಲಲ್ಲಿ ಒಂದು.

"ಇದರಾಗ ಹಿಂಗದ, ನೀವು ಮೂರು ಅಂತೀರಿ?"

"ವಹ್ಯಾಗಿಂದು ನಿನ್ನಿತನಕದ್ದು," ಎಂದರು. "ಕಡೀ ಸಲಾ ಅಂತ ನೀವು ಹೇಳಿದ್ದು ಇವತ್ತು."

ನಾನು ಪೆನ್ನು ಹಿಡಿದು ಕೂತೆ. ಕೆಳಗೆ ಹಡಪಸರದ ರಸ್ತೆಯ ಹಾರ್ನುಗಳು ಒಂದರ ಮೇಲೊಂದು. ಕೊನೆಗೆ ಅವರು ವಹಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ದನಿ ತಪಾಸಣೆಯವರ ದನಿಯಾಗಿತ್ತು. "ಇರ್ಲಿ. ಪ್ರಶ್ನಿ ಏನದ? ಕಳೆದ ಎರಡು ವಾರಗಳಲ್ಲಿ ಅಂತ ಅದ. ಇವತ್ತಿಂದು ಕೇಳಿಲ್ಲ. ವಹ್ಯಾಗ ಇದ್ಧಂಗ ಬರ್ಕೋರಿ. ಅದ ಬರೋಬರಿ."

ಬರೆದುಕೊಂಡೆ. ನಿಯಮದ ಪ್ರಕಾರ ಒಂದು ಅಂಕವೂ ತಪ್ಪಿರಲಿಲ್ಲ. ಎದ್ದು ನಿಂತಾಗ ಅವರ ಭುಜ ಮುಟ್ಟಬೇಕೆನಿಸಿತು, ಮುಟ್ಟಲಿಲ್ಲ. ಇವತ್ತಿನ ಸ್ಥಿತಿ ಚೆನ್ನಾಗಿಲ್ಲ ಎಂದು ಮಾತ್ರ ಮೇಡಂಗೆ ತಿಳಿಸಿದೆ. ಅವರು ಮತ್ತೆ ಆಸ್ಪತ್ರೆಯ ದಾರಿ ತೋರಿಸಿದರು. ಈ ಸಲ ಇವರು ಹೋಗಲೇ ಇಲ್ಲ.

ವರದಿ ಸಿದ್ಧವಾಯಿತು. ಖಡಕಿಯವರು ಸುಧಾರಿಸಿದ್ದರು. ಆದರೆ ಏನೂ ಸಿಗದ ಹಡಪಸರದವರೂ ಸುಧಾರಿಸಿದ್ದರು, ಸ್ವಲ್ಪ ಕಡಿಮೆ, ಅಷ್ಟೇ. ನಡುವಿನ ವ್ಯತ್ಯಾಸ ತೀರ ಸಣ್ಣದು. ನಾನು ಮೇಡಂ ಹತ್ತಿರ ವಹಿಯ ಕತೆ ಹೇಳಿದೆ. ನಾವು ಹೋಗಿ ಕೇಳಿದ್ದೇ ಅವರಿಗೆ ಸೇವೆಯಾಗಿರಬಹುದು, ಹಾಗಾದರೆ ಸೇವೆಯಿಂದ ಉಪಯೋಗವಿಲ್ಲ ಅಂತ ಹೇಗೆ ಹೇಳುವುದು ಎಂದೆ. ಮೇಡಂ ಕೆಟ್ಟವರಲ್ಲ. ಬೆಂಗಳೂರಿನ ಕಡೆಯವರು, ಸಂಸ್ಥೆಗಾಗಿ ತಮ್ಮ ಅರ್ಧ ಆಯುಷ್ಯ ಸವೆಸಿದವರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಮೂರು ಸಲ ಹೋಗಿದೀವಿ, ಒಂದೊಂದ್ ಗಂಟೆ. ಮೂರು ಗಂಟೆಯಲ್ಲಿ ಮನುಷ್ಯ ಹುಷಾರಾಗ್ತಾನೆ ಅಂತ ಫಂಡರ್ಸ್‌ಗೆ ಹೇಗ್ ಹೇಳ್ಲಿ? ನಂಬ್ತಾರಾ?"

ಆದರೂ ವರದಿಯ ಕೊನೆಯ ಪುಟಗಳಲ್ಲಿ, ಮಿತಿಗಳು ಎನ್ನುವ ಭಾಗದಲ್ಲಿ, ಒಂದು ವಾಕ್ಯ ಸೇರಿಸಿದರು: ಭೇಟಿಗಳಿಂದಲೇ ಕೆಲವರ ಮೇಲೆ ಪರಿಣಾಮವಾಗಿರಬಹುದು. ಖಡಕಿಯ ಕೆಲಸ ಹೇಗೋ ಉಳಿಯಿತು. ಹಡಪಸರಕ್ಕೆ ಸೇವೆ ಬರುವುದು ರದ್ದಾಯಿತು.

ಫಲಿತಾಂಶ ಏನಾದರೂ ತಮಗೆ ತಿಳಿಸಲೇಬೇಕೆಂದು ಅವರು ಮಾತು ತೆಗೆದುಕೊಂಡಿದ್ದರು. ಒಂದು ಭಾನುವಾರ ಬರಿಗೈಯಲ್ಲಿ ಹೋದೆ. ಎಲ್ಲ ಹೇಳಿದೆ. ಅವರು ಮುಗಿದ ಮೇಲೆ ಕೇಳಿದರು:

"ಅಂದ್ರ ನಾ ಛೊಲೋ ಆಗಿದ್ದ ತಪ್ಪಾತೇನ್ರಿ?"

"ಹಂಗಲ್ರಿ..."

"ಮತ್ತ ಹೆಂಗ? ನಾ ಛೊಲೋ ಆಗಿದ್ದಕ್ಕ ಕೆಳಗಿನ ಹುಡುಗಿಗೆ ಬರೂದು ತಪ್ತು."

"ನಿಮ್ಮೊಬ್ಬರಿಂದಲ್ರಿ. ಭಾಳ ಮಂದಿ ಇದ್ರು."

"ಅವರೂ ಹಿಂಗ ಕುಂತಿರಬೇಕು, ಯಾರರ ಬರ್ತಾರ ಅಂತ," ಎಂದರು.

ವರ್ಷವಿಡೀ ಅವರ ನಿದ್ದೆ, ಹಸಿವು, ಸಾವಿನ ಬಯಕೆ ಎಲ್ಲ ಕೇಳಿದವಳಿಗೆ, ಕೈಯಲ್ಲಿ ಫಾರ್ಮು ಇಲ್ಲದಾಗ ಅವರೊಂದಿಗೆ ಹೇಗೆ ಕೂತುಕೊಳ್ಳಬೇಕು ಎಂದು ತಿಳಿಯಲಿಲ್ಲ. ಮಳೆ ಬರುವ ಹಾಗಿದೆ ಎಂದೆ. ಹೌದ್ರಿ ಎಂದರು. ಚಹ ಬೇಗ ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಸ್ಸು ಅರ್ಧ ಗಂಟೆಗೊಂದಿತ್ತು. "ಬರ್ತಿರ್ರಿ," ಎಂದು ಬಾಗಿಲವರೆಗೆ ಬಂದರು. "ಬರ್ತೀನ್ರಿ," ಎಂದೆ.

ಎಂಟು ತಿಂಗಳು ಹೋಗಲಿಲ್ಲ. ಈಗ ಯಾವ ನಿಯಮವೂ ಅಡ್ಡ ಇರಲಿಲ್ಲ. ಚಾಕಣದ ಕೆಲಸ, ದೂರ, ರಸ್ತೆಯ ಗದ್ದಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನನ್ನ ಮನೆಯಲ್ಲೂ ಸಂಜೆಗೆ ಮಾತಾಡಲು ಯಾರೂ ಇರಲಿಲ್ಲ. ಆದರೂ ಹೋಗಲಿಲ್ಲ. ಒಂಟಿಯಾದವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗುತ್ತಾರೆ ಎಂದು ಯಾರು ಹೇಳಿದರೋ ಗೊತ್ತಿಲ್ಲ.

ಫೋನು ಬಂದ ಮರುದಿನ ಹೋದೆ. ಮೂರನೇ ಮಾಳಿಗೆಯ ರೂಮಿಗೆ ಆಗಲೇ ಸುಣ್ಣ ಹೊಡೆಯುತ್ತಿದ್ದರು. ಎರಡನೇ ಮಾಳಿಗೆಯ ತಾಯಿ ನನ್ನನ್ನು ಒಳಗೆ ಕರೆದು ನೀರು ಕೊಟ್ಟರು. ಫೋನು ಮಾಡಿದವರು ಅವರೇ. ಅವರು ಮರಾಠಿಯಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಕಾಕಾ ಪ್ರತಿ ಗುರುವಾರ ಸಂಜೆ ಬರುತ್ತಿದ್ದರು. ಮಳೆ ಶುರುವಾದಾಗಿನಿಂದ. ಇಗೋ, ಈ ಒಳಗಿನ ಬಾಗಿಲ ಮುಂದೆ ನೆಲದ ಮೇಲೆ ಕೂತು ಮಗಳಿಗೆ ಪ್ರಶ್ನೆ ಕೇಳುತ್ತಿದ್ದರು. ಹನ್ನೊಂದು. ಅವರ ಮರಾಠಿ ಕೇಳಿ ನನಗೆ ನಗು. ಒಂದು ಕೇಳುವುದು, ನೂರು ಎಣಿಸುವಷ್ಟು ಹೊತ್ತು ಸುಮ್ಮನಿರುವುದು, ಮುಂದಿನದು ಕೇಳುವುದು. ಇವಳು ಒಳಗಿಂದ ಹ್ಞೂಂ ಅನ್ನಲಿಲ್ಲ, ಹ್ಞಾಂ ಅನ್ನಲಿಲ್ಲ. ಬಿಡಿ ಕಾಕಾ, ಯಾಕೆ ನಿಮಗೆ ತ್ರಾಸು ಅಂದೆ. ಉತ್ತರ ಅವಳಿಗೆ ಬಿಟ್ಟದ್ದು, ಕೇಳುವುದು ನನ್ನ ಕೆಲಸ ಅಂದರು. ನಾಲ್ಕು ತಿಂಗಳು ಹಾಗೇ. ದಸರೆಯ ಮುಂಚೆ ಒಂದು ದಿನ ನಿದ್ದೆಯ ಪ್ರಶ್ನೆಗೆ ಒಳಗಿಂದ 'ದೋನ್' ಅಂತ ಬಂತು. ಎರಡು. ನನ್ನ ಕೈಯಿಂದ ಕತ್ತರಿ ಬಿತ್ತು. ಕಾಕಾ ಏನೂ ಆಗದವರ ಹಾಗೆ ಬರೆದುಕೊಂಡು ಮುಂದಿನದು ಕೇಳಿದರು. ಮೆಟ್ಟಿಲ ಹತ್ತಿರ ಹೋಗಿ ಮಾತ್ರ ಗೋಡೆ ಹಿಡಿದು ನಿಂತುಕೊಂಡರು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ಆಮೇಲೆ ವಾರಕ್ಕೆ ಒಂದೋ ಎರಡೋ ಉತ್ತರ. ಹೋದ ಗುರುವಾರ ಕಾಕಾ ಬರಲಿಲ್ಲ. ನಾನು ಗಮನಿಸಿರಲಿಲ್ಲ. ಇವಳೇ ಒಳಗಿಂದ, ಆಯೀ, ಕಾಕಾ ಯಾಕೆ ಬಂದಿಲ್ಲ ಅಂದಳು. ಅದಕ್ಕೇ ಮೇಲೆ ಹೋಗಿ ನೋಡಿದೆ. ಮುಂಜಾನೆಯೇ ಆಗಿತ್ತಂತೆ. ಹೃದಯ ಅಂದರು ಡಾಕ್ಟರು. ಅವಳು ಕೇಳದಿದ್ದರೆ ಇನ್ನೆಷ್ಟು ದಿನ ಹಾಗೇ ಇರುತ್ತಿದ್ದರೋ."

ಮುಚ್ಚಿದ ಬಾಗಿಲನ್ನು ನೋಡಿದೆ. ಮೇಡಂಗೆ ಅಲ್ಲಿಂದಲೇ ಫೋನು ಮಾಡಿ, ಯೋಜನೆ ಇರಲಿ ಬಿಡಲಿ ಒಬ್ಬರನ್ನು ಇಲ್ಲಿಗೆ ಕಳಿಸಲೇಬೇಕು ಎಂದೆ. ಹೊಸ ವರ್ಷದಿಂದ ಪ್ರಯತ್ನಿಸುತ್ತೇನೆ ಎಂದರು. ಅಲ್ಲಿಯವರೆಗೆ ಗುರುವಾರ ನಾನೇ ಬರುತ್ತೇನೆ ಎಂದು ತಾಯಿಗೆ ಹೇಳಿದೆ.

ನಾಲ್ಕು ಗುರುವಾರ ಹೋದೆ. ಚಾಕಣದಿಂದ ಎರಡು ಬಸ್ಸು ಬದಲಿಸಿ, ಕೂಡಲು ಜಾಗ ಸಿಗದೆ ನಿಂತುಕೊಂಡೇ. ನೆಲದ ಮೇಲೆ ಕೂತು ಹನ್ನೊಂದನ್ನೂ ಕೇಳಿದೆ, ನೂರು ನೂರು ಎಣಿಸಿದೆ. ನನಗೆ ಒಂದು ಉತ್ತರವೂ ಬರಲಿಲ್ಲ. ಅವಳು ಕಾಯುತ್ತಿದ್ದುದು ನನ್ನ ದನಿಗಲ್ಲ. ತಾಯಿ ಪ್ರತಿ ಸಲ ಮುಜುಗರಪಟ್ಟು ಚಹ ಕೊಟ್ಟರು.

ಮೊನ್ನೆ ಐದನೆಯದು. ಮೊದಲ ಪ್ರಶ್ನೆಗೆ ಬಾಯಿ ತೆರೆಯುವ ಮುಂಚೆ ಒಳಗಿಂದ ದನಿ ಬಂತು. ಬಹಳ ದಿನ ಬಳಸದ, ಒಣಗಿದ ದನಿ. "ಕಾಕಾಂಚ್ಯಾ ಜವಳ್ ಕೋಣ್ ಹೋತಂ?"

ಕಾಕಾನ ಹತ್ತಿರ ಯಾರಿದ್ದರು?

ತಾಯಿ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು, ಏನಾದರೂ ಒಳ್ಳೆಯದು ಹೇಳಿ ಎನ್ನುವ ಹಾಗೆ. ನೆರೆಯವರಿದ್ದರು ಎನ್ನಬಹುದಿತ್ತು. ನಾನಿದ್ದೆ ಎಂದರೂ ಅವಳಿಗೆ ತಿಳಿಯುತ್ತಿರಲಿಲ್ಲ.

"ಯಾರೂ ಇರಲಿಲ್ಲ," ಎಂದೆ.

ಆಮೇಲೆ ಅವಳು ಅಳುವುದು ಕೇಳಿಸಿತು, ಮೊದಲು ಸಣ್ಣಗೆ, ಆಮೇಲೆ ತಡೆಯಿಲ್ಲದೆ. ತಾಯಿ ಗಾಬರಿಯಿಂದ ಏಳಹೋದರು. ನಾನು ಅವರ ಕೈ ಹಿಡಿದು ಕೂಡಿಸಿದೆ. ಹಿಡಿದ ಕೈ ಬಿಡಲಿಲ್ಲ. ಅವಳ ಅಳು ನಿಲ್ಲುವವರೆಗೆ ನಾವಿಬ್ಬರೂ ಆ ಬಾಗಿಲ ಹೊರಗೆ ಕೂತಿದ್ದೆವು.